ಸಂಬಳ ಬಿಡುವ ಮುಂಚೆ: ಮೊದಲ ದುಡ್ಡು ಕೈಗೆ ಬರುವುದು ಯಾವಾಗ?

ಕೆಲಸ ಬಿಟ್ಟು ಸ್ವಂತದ್ದೇನಾದರೂ ಶುರು ಮಾಡಬೇಕು ಎಂದು ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ಒಂದು ಎಕ್ಸೆಲ್ ಹಾಳೆ ತಂದಿರುತ್ತಾರೆ. ತಿಂಗಳಿಗೆ ಎಷ್ಟು ವ್ಯಾಪಾರ, ಎಷ್ಟು ಖರ್ಚು, ಎಷ್ಟು ಉಳಿಕೆ ಎಂದು ಅದರಲ್ಲಿ ಬರೆದಿರುತ್ತದೆ. ಉಳಿಕೆ ಈಗಿನ ಸಂಬಳಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ ಚಾರ್ಟರ್ಡ್ ಅಕೌಂಟೆಂಟ್ ಆಗಿ ನಾನು ಮೊದಲು ಹುಡುಕುವುದು ಆ ಹಾಳೆಯಲ್ಲಿ ಸಿಗುವುದಿಲ್ಲ. ನಾನು ಹುಡುಕುವುದು ತಾರೀಖು. ಕೆಲಸ ಯಾವತ್ತು ಮುಗಿಯುತ್ತದೆ, ಬಿಲ್ ಯಾವತ್ತು ಹೋಗುತ್ತದೆ, ದುಡ್ಡು ಯಾವತ್ತು ಬ್ಯಾಂಕಿಗೆ ಬೀಳುತ್ತದೆ?

ಸಂಬಳದ ದೊಡ್ಡ ಅನುಕೂಲ ಇರುವುದೇ ಅದರ ತಾರೀಖಿನಲ್ಲಿ. ಒಂದನೇ ತಾರೀಖಿಗೆ ಬರುತ್ತದೆ ಎಂಬ ಧೈರ್ಯದ ಮೇಲೆ ಐದಕ್ಕೆ ಮನೆ ಸಾಲದ ಕಂತು, ಹತ್ತಕ್ಕೆ ಸ್ಕೂಲ್ ಫೀಸು, ಆಮೇಲೆ ಚೀಟಿ ದುಡ್ಡು ಎಲ್ಲ ನಡೆಯುತ್ತದೆ. ಸ್ವಂತ ಕೆಲಸ ಶುರು ಮಾಡಿದ ಮೇಲೂ ಈ ಖರ್ಚಿನ ತಾರೀಖುಗಳು ಹಾಗೇ ಇರುತ್ತವೆ. ಆದಾಯದ ತಾರೀಖು ಮಾತ್ರ ಬೇರೆಯವರ ಕೈಗೆ ಹೋಗುತ್ತದೆ. ಮೊದಲ ವರ್ಷದಲ್ಲೇ ಬಾಗಿಲು ಹಾಕಿದ ಎಷ್ಟೋ ಜನರ ಲೆಕ್ಕ ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಕೆಲಸ ಬರುತ್ತಿತ್ತು. ಬಿಲ್ ಪುಸ್ತಕದ ಪ್ರಕಾರ ಲಾಭವೂ ಇತ್ತು. ದುಡ್ಡು ಬರುವ ತನಕ ತಡೆದುಕೊಳ್ಳಲು ಆಗಲಿಲ್ಲ, ಅಷ್ಟೇ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಗುರುತು ಸಿಗಬಾರದು ಎಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಸಲಹೆಗೆ ಬಂದ ಒಬ್ಬರು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್. ಕೈಗೆ ಬರುವ ಸಂಬಳ 62,000 ರೂಪಾಯಿ. ಒಂದು ಶೆಡ್ ಬಾಡಿಗೆಗೆ ಹಿಡಿದು, ಸೆಕೆಂಡ್ ಹ್ಯಾಂಡ್ ವಿಎಂಸಿ ಮಷಿನ್ (ಲೋಹದ ಭಾಗಗಳನ್ನು ಕೊರೆದು ಆಕಾರ ಕೊಡುವ ಕಂಪ್ಯೂಟರ್ ಚಾಲಿತ ಯಂತ್ರ) ಹಾಕಿ, ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳ ಮಾಲಿಗೆ ಕೂಲಿ ಲೆಕ್ಕದಲ್ಲಿ ಕೆಲಸ ಮಾಡಿಕೊಡಬೇಕೆಂಬುದು ಅವರ ಆಸೆ. ಕೆಲಸ ಚೆನ್ನಾಗಿ ಗೊತ್ತಿದ್ದ ಮನುಷ್ಯ. ಹಾಳೆಯಲ್ಲಿ ಮಷಿನ್‌ಗೆ ಗಂಟೆಗೆ 450 ರೂಪಾಯಿ, ದಿನಕ್ಕೆ 20 ಗಂಟೆ, ತಿಂಗಳಿಗೆ 26 ದಿನ ಎಂದು ಹಾಕಿದ್ದರು. ಅಂದರೆ 2,34,000 ರೂಪಾಯಿ.

"20 ಗಂಟೆಗೆ ಆಗುವಷ್ಟು ಕೆಲಸ ಯಾರು ಕೊಡ್ತಾರೆ?" ಎಂದು ಕೇಳಿದೆ.

"ನಮ್ಮ ಕಂಪನಿಯವರೇ ಕೊಡ್ತಾರೆ ಮೇಡಂ. ಪರ್ಚೇಸ್ ಮ್ಯಾನೇಜರ್ ಮಾತು ಕೊಟ್ಟಿದ್ದಾರೆ."

ಮಾತು ಕೊಟ್ಟವರು ಒಳ್ಳೆಯವರೇ ಇರಬಹುದು. ನಾಳೆ ಅವರೇ ಬೇರೆ ಕಂಪನಿಗೆ ಹೋದರೆ? ಬಾಯಿಮಾತಿನ ಮೇಲೆ ಶೆಡ್ಡಿಗೆ ಅಡ್ವಾನ್ಸ್ ಕೊಡಬಾರದು. ಪರ್ಚೇಸ್ ಆರ್ಡರ್ ಕೈಯಲ್ಲಿರಬೇಕು. ಅದೂ ಒಬ್ಬರದ್ದೇ ಆದರೆ ಸಾಲದು.

ಆಮೇಲೆ ಇಬ್ಬರೂ ಕೂತು ಹಾಳೆಯನ್ನು ಮತ್ತೆ ಬರೆದೆವು. ಜಾಬ್ ಸೆಟ್ ಮಾಡುವ ಹೊತ್ತು, ಮೊದಲ ಪೀಸ್ ಇನ್‌ಸ್ಪೆಕ್ಷನ್, ರಿಜೆಕ್ಷನ್, ಕರೆಂಟ್ ಹೋದ ಹೊತ್ತು, ಆರ್ಡರ್ ಇಲ್ಲದ ದಿನ. ಇವಕ್ಕೆ ಯಾರೂ ಬಿಲ್ ಕೊಡುವುದಿಲ್ಲ. ಶುರುವಿನ ತಿಂಗಳುಗಳಲ್ಲಿ ದಿನಕ್ಕೆ 10 ಗಂಟೆ, 25 ದಿನ ಎಂದು ಇಟ್ಟುಕೊಂಡೆವು. 1,12,500 ಆಯಿತು. ಖರ್ಚು ನೋಡಿ. ಶೆಡ್ ಬಾಡಿಗೆ 22,000. ಆಪರೇಟರ್‌ಗೆ 24,000. ಕರೆಂಟು 12,000. ಟೂಲ್ಸ್, ಇನ್ಸರ್ಟ್, ಕೂಲೆಂಟ್ ಎಲ್ಲ ಸೇರಿ 12,000. 12 ಲಕ್ಷ ಸಾಲಕ್ಕೆ ಐದು ವರ್ಷದ ಕಂತು 26,000. ಒಟ್ಟು 96,000. ಉಳಿದದ್ದು 16,500.

"ಆಪರೇಟರ್ ಬೇಡ, ನಾನೇ ನಿಂತ್ಕೊಳ್ತೀನಿ," ಎಂದರು. ಆಗ ಉಳಿಕೆ 40,500 ಆಗುತ್ತದೆ, ನಿಜ. ಆದರೆ ದಿನವಿಡೀ ಮಷಿನ್ ಮುಂದೆ ನಿಂತರೆ ಹೊಸ ಆರ್ಡರ್ ಕೇಳಲು ಹೋಗುವವರು ಯಾರು? ಕಾರ್ಖಾನೆ ಕೆಲಸದಿಂದ ಬರುವವರೆಲ್ಲ ಎಡವುವ ಜಾಗ ಇದು. ಅವರಿಗೆ ಕೆಲಸ ಮಾಡುವುದು ಗೊತ್ತು. ಕೆಲಸ ತರುವುದು, ಬಾಕಿ ವಸೂಲಿ ಮಾಡುವುದು ಅಲ್ಲಿ ಬೇರೆಯವರ ಕೆಲಸವಾಗಿತ್ತು.

ಈಗ ತಾರೀಖಿಗೆ ಬನ್ನಿ. ಮೊದಲ ತಿಂಗಳು ಕೆಲಸ. ತಿಂಗಳ ಕೊನೆಗೆ ಬಿಲ್. ಪೇಮೆಂಟ್ 60 ದಿನಕ್ಕೆ. ಎಲ್ಲ ಸರಿಯಾಗಿ ನಡೆದರೂ ಮೊದಲ ದುಡ್ಡು ಬರುವುದು ಮೂರನೇ ತಿಂಗಳ ಕೊನೆಗೆ. ಅಲ್ಲಿಯವರೆಗೆ ಶೆಡ್ಡಿನ ಖರ್ಚು ಮೂರು ತಿಂಗಳಿಗೆ 2,88,000. ಮನೆ ಖರ್ಚು ತಿಂಗಳಿಗೆ 48,000ದಂತೆ 1,44,000. ಒಟ್ಟು 4,32,000 ರೂಪಾಯಿ, ಒಂದು ರೂಪಾಯಿ ಒಳಗೆ ಬರುವ ಮುಂಚೆ. ಮಷಿನ್‌ಗೆ ಕೈಯಿಂದ ಹಾಕುವ ದುಡ್ಡು ಇದರಲ್ಲಿ ಸೇರಿಲ್ಲ. ಅವರ ಹಾಳೆಯಲ್ಲಿ ಈ ಜಾಗದಲ್ಲಿ ಇದ್ದದ್ದು ಒಂದು ಲಕ್ಷ.

ಜಿಎಸ್‌ಟಿ ಬೇರೆ ಇದೆ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ, ಬರೀ ಸರಕು ಮಾರುವವರಿಗೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಜಾಬ್ ವರ್ಕ್ ಸೇವೆಯ ಲೆಕ್ಕಕ್ಕೆ ಬರುತ್ತದೆ. ಆದರೆ ನೋಂದಣಿ ಇಲ್ಲದವರಿಗೆ ಕೆಲಸ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುವುದರಿಂದ ಮೊದಲೇ ಮಾಡಿಸಿಕೊಳ್ಳಬೇಕಾಗುತ್ತದೆ. ತೆರಿಗೆ ಬೀಳುವುದು ಬಿಲ್ ಮೇಲೆ. ಗ್ರಾಹಕ ದುಡ್ಡು ಕೊಟ್ಟಿರಲಿ, ಬಿಟ್ಟಿರಲಿ, ಮುಂದಿನ ತಿಂಗಳು ನೀವು ಕಟ್ಟಲೇಬೇಕು. ಮಷಿನ್ ಕೊಳ್ಳುವಾಗ ತೆತ್ತ ಜಿಎಸ್‌ಟಿ ಮೊದಲ ಕೆಲವು ತಿಂಗಳು ಇದಕ್ಕೆ ವಜಾ ಆಗುತ್ತದೆ, ಹಾಗಾಗಿ ಬಿಸಿ ತಟ್ಟುವುದಿಲ್ಲ. ಅದು ಮುಗಿದ ಮೇಲೆ 1,12,500ರ ಬಿಲ್ಲಿಗೆ ಶೇ. 18ರಂತೆ 20,250 ರೂಪಾಯಿಯನ್ನು ಹೆಚ್ಚುಕಡಿಮೆ ಪೂರ್ತಿ ಕೈಯಿಂದಲೇ ಹಾಕಬೇಕು. ಜಾಬ್ ವರ್ಕ್‌ನಲ್ಲಿ ಕಚ್ಚಾ ಮಾಲು ಗ್ರಾಹಕರದ್ದು, ಹಾಗಾಗಿ ವಜಾ ಮಾಡಿಕೊಳ್ಳಲು ನಿಮ್ಮ ಹತ್ತಿರ ಖರೀದಿ ಬಿಲ್ಲುಗಳೇ ಕಡಿಮೆ.

ತಡವಾದ ಪೇಮೆಂಟಿಗೆ ಕಾನೂನಿನ ಆಸರೆ ಇದೆ. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ದಾಖಲಿಸಿಕೊಳ್ಳುವ ಉದ್ಯಮ್ ನೋಂದಣಿ ಪುಕ್ಕಟೆ, ಆನ್‌ಲೈನಲ್ಲೇ ಆಗುತ್ತದೆ. ಅದು ಇದ್ದರೆ 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಕೊಳ್ಳುವವರು ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಬರೆದುಕೊಂಡ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಜೊತೆಗೆ, ಹೀಗೆ ತಡ ಮಾಡಿದ ಮೊತ್ತವನ್ನು ನಿಜವಾಗಿ ಪಾವತಿಸುವ ವರ್ಷದವರೆಗೆ ಅವರು ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಈ ಕೊನೆಯ ನಿಯಮ ಬಂದ ಮೇಲೆ ಮಾರ್ಚ್ ಹತ್ತಿರವಾದಂತೆ ಹಳೆ ಬಾಕಿಗಳು ಸ್ವಲ್ಪ ಬೇಗ ಬರುತ್ತಿವೆ. ಹಾಗಂತ ದೂರು ಕೊಡುವ ಸಣ್ಣ ಉದ್ಯಮಿಗಳು ಕಡಿಮೆ. ಮುಂದಿನ ಆರ್ಡರ್ ನಿಂತುಹೋದರೆ ಎಂಬ ಭಯ. ಆ ಭಯ ಸುಳ್ಳಲ್ಲ. ಅದಕ್ಕೇ ಕಾನೂನನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. 60 ದಿನ ಎಂದರೆ 75 ಎಂದೇ ಬರೆದುಕೊಳ್ಳಿ.

ಇನ್ನು ಬಿಟ್ಟು ಬರುವ ಸಂಬಳದ ಪೂರ್ತಿ ಬೆಲೆ. ಇವರ ಮೂಲ ವೇತನ 36,000. ಪಿಎಫ್‌ಗೆ ಅವರ ಪಾಲು ಶೇ. 12, ಕಂಪನಿ ಪಾಲು ಶೇ. 12, ಸೇರಿ ತಿಂಗಳಿಗೆ 8,640. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡುವ ಇಡುಗಂಟು, ತಿಂಗಳ ಲೆಕ್ಕಕ್ಕೆ ಸುಮಾರು 1,730. ಹೆಂಡತಿ, ಮಗು, ತಂದೆ ತಾಯಿಗೆ ಕಂಪನಿ ಕೊಟ್ಟ ಆರೋಗ್ಯ ವಿಮೆಯನ್ನು ತಾವೇ ಮಾಡಿಸಿದರೆ 4,000 ಎಂದು ಹಿಡಿದೆವು. ಎಲ್ಲ ಸೇರಿಸಿದರೆ 62,000 ಅಂದುಕೊಂಡ ಸಂಬಳ 76,000 ದಾಟುತ್ತದೆ. ಸ್ವಂತ ಕೆಲಸದ ಉಳಿಕೆಯನ್ನು ಹೋಲಿಸಬೇಕಾದದ್ದು ಈ ಅಂಕಿಗೆ.

ಕಂಪನಿಗೆ ಸೇರಿದ ತಾರೀಖು ಕೇಳಿದೆ. ನಾಲ್ಕು ವರ್ಷ ಐದು ತಿಂಗಳಾಗಿತ್ತು. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷ ತುಂಬಬೇಕು. ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಬರುತ್ತದೆ. ಇವರಿಗೆ ಒಂದು ಲಕ್ಷದ ಮೇಲೆ 3,800 ಚಿಲ್ಲರೆ. ಏಳು ತಿಂಗಳು ಮೊದಲೇ ಬಿಟ್ಟಿದ್ದರೆ ಅಷ್ಟೂ ಹೋಗುತ್ತಿತ್ತು. ಪಿಎಫ್ ತೆಗೆಯಲೂ ಅದೇ ಐದು ವರ್ಷದ ಗಡಿ ಇದೆ, ಅದಕ್ಕೂ ಮುಂಚೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಪಿಎಫ್ ದುಡ್ಡನ್ನೇ ಬಂಡವಾಳವಾಗಿ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ 10 ಲಕ್ಷದವರೆಗೆ ಸಾಲ ಕೇಳಬಹುದು. ಅರ್ಜಿ ಹಾಕುವಾಗಲೇ ಕಂತಿಗೆ ಕೆಲವು ತಿಂಗಳು ಬಿಡುವು ಕೇಳಿ, ಕೊಡುವುದುಂಟು.

ಅವರು ಆ ಏಳು ತಿಂಗಳು ಕಾದರು. ಸುಮ್ನೆ ಕಾಯಲಿಲ್ಲ. ತಮ್ಮ ಯೋಜನೆಯನ್ನು ಮಾಲೀಕರಿಗೇ ಹೇಳಿದರು. ಇದು ಮುಖ್ಯ. ಕೆಲಸದಲ್ಲಿದ್ದಾಗ ಅದೇ ವ್ಯವಹಾರವನ್ನು ಗುಟ್ಟಾಗಿ ಮಾಡುವುದು ನೇಮಕಾತಿ ಪತ್ರಕ್ಕೆ ವಿರುದ್ಧ. ಬಿಟ್ಟ ಮೇಲೆ "ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವಂತಿಲ್ಲ" ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕಂಪನಿಯ ಡ್ರಾಯಿಂಗು, ಗ್ರಾಹಕರ ಮಾಹಿತಿ ಹೊತ್ತುಕೊಂಡು ಹೋಗುವ ಹಕ್ಕು ಯಾರಿಗೂ ಇಲ್ಲ. ರಜೆಯ ದಿನಗಳಲ್ಲಿ ಬೇರೆ ಕಾರ್ಖಾನೆಗಳಿಗೆ ಹೋಗಿ ಮಾತಾಡಿದರು. ಒಂದು ಕಡೆ 30 ದಿನಕ್ಕೆ ಪೇಮೆಂಟ್ ಕೊಡಲು ಒಪ್ಪಿದರು, ಆದರೆ ಗಂಟೆಗೆ 420 ಮಾತ್ರ. ಅವರಿಗೆ ಮನಸ್ಸಿರಲಿಲ್ಲ. ಒಪ್ಪಿಕೊಳ್ಳಿ ಎಂದು ನಾನೇ ಒತ್ತಾಯ ಮಾಡಿದೆ. ಕೈಯಲ್ಲಿ ಗಂಟು ಸಣ್ಣದಿದ್ದಾಗ 60 ದಿನದ 450ಕ್ಕಿಂತ 30 ದಿನದ 420 ಮೇಲು. ಮನೆ ಮತ್ತು ಶೆಡ್ಡಿಗೆಂದು ಐದು ಲಕ್ಷ ಬೇರೆ ತೆಗೆದಿಟ್ಟು ಆಮೇಲೆ ಹೊರಬಂದರು. ಈಗ ಮಷಿನ್ ದಿನಕ್ಕೆ 13, 14 ಗಂಟೆ ಓಡುತ್ತಿದೆ. ಬಿಟ್ಟ ಸಂಬಳದಷ್ಟು ಇನ್ನೂ ಬರುತ್ತಿಲ್ಲ. ಕಂತು ಒಂದೂ ತಪ್ಪಿಲ್ಲ, ಮನೆ ನಡೆಯುತ್ತಿದೆ. ಮೊದಲ ಎರಡು ವರ್ಷಕ್ಕೆ ನನಗೆ ಅಷ್ಟು ಸಾಕು.

ಸಾಫ್ಟ್‌ವೇರ್‌ನವರ ಲೆಕ್ಕ ಬೇರೆ. ಶೆಡ್ ಬೇಡ, ಮಷಿನ್ ಬೇಡ. ಐಟಿ, ಎಂಜಿನಿಯರಿಂಗ್, ವಕೀಲಿ, ವೈದ್ಯಕೀಯದಂಥ ವೃತ್ತಿಗಳಲ್ಲಿ ವರ್ಷದ ಗಳಿಕೆ 50 ಲಕ್ಷದೊಳಗಿದ್ದರೆ ಅರ್ಧವನ್ನು ಆದಾಯ ಎಂದು ತೋರಿಸಿ ತೆರಿಗೆ ಕಟ್ಟುವ ಸರಳ ದಾರಿಯೂ ಇದೆ. ನಗದು ವ್ಯವಹಾರ ಶೇ. 5ರೊಳಗಿದ್ದರೆ ಈ ಮಿತಿ 75 ಲಕ್ಷ. ಇಲ್ಲಿ ನನ್ನ ಚಿಂತೆ ಒಂದೇ. ಒಬ್ಬನೇ ಗ್ರಾಹಕ, ತಿಂಗಳಿಗೊಂದು ಬಿಲ್ಲು, ದಿನವಿಡೀ ಅವನದೇ ಕೆಲಸ ಎಂದಾದರೆ ಪಿಎಫ್, ರಜೆ, ವಿಮೆ ಯಾವುದೂ ಇಲ್ಲದ ನೌಕರಿಯನ್ನೇ ನೀವು ಮಾಡುತ್ತಿದ್ದೀರಿ ಎಂದರ್ಥ. ಎರಡನೇ ಗ್ರಾಹಕ ಸಿಗುವ ತನಕ ಕೆಲಸ ಬಿಡಬೇಡಿ.

ಸರ್ಕಾರಿ ನೌಕರರಿಗೆ ಒಂದು ಮಾತು. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಸಾಮಾನ್ಯವಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಬೇಸರದ ಒಂದು ದಿನ ಕಾಗದ ಬರೆದುಕೊಟ್ಟು ಬರಬೇಡಿ, ನಿಮ್ಮ ಇಲಾಖೆಯ ಲೆಕ್ಕ ಶಾಖೆಯಲ್ಲಿ ಎರಡರ ವ್ಯತ್ಯಾಸ ಕೇಳಿ. "ಹೆಂಡತಿ ಹೆಸರಲ್ಲಿ ಶುರು ಮಾಡೋಣ" ಎನ್ನುವವರೂ ಬರುತ್ತಾರೆ. ಬಂಡವಾಳ ಗಂಡನದ್ದಾದರೆ ಆ ಲಾಭದ ಪಾಲು ಗಂಡನ ಆದಾಯಕ್ಕೇ ಸೇರುತ್ತದೆ. ಹೆಂಡತಿಗೆ ನಿಜವಾಗಿ ಆ ಕೆಲಸ ಮಾಡುವ ಮನಸ್ಸಿದ್ದರೆ, ಅವರ ಹೆಸರಲ್ಲಿ ಸಾಲ ತೆಗೆದು ಅವರೇ ನಡೆಸಲಿ. ಅದು ಚೆಂದ.

ವ್ಯವಹಾರಕ್ಕೆ ಬೇರೆ ಖಾತೆ ಮೊದಲ ದಿನದಿಂದಲೇ ಇರಲಿ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ನೆನಪಿರಬಹುದು. ಅಣ್ಣ ಕಳಿಸಿದ ಕೈಸಾಲ, ಹಾಲು ಮಾರಿದ ದುಡ್ಡು, ಅಂಗಡಿ ವ್ಯಾಪಾರ ಎಲ್ಲ ಒಂದೇ ಖಾತೆಗೆ ಬಿದ್ದರೆ ಬಿಡಿಸಿ ತೋರಿಸುವುದು ಬಹಳ ಕಷ್ಟ. ಇನ್ನೊಂದು, ತೆರಿಗೆ ಉಳಿಸಲು ಆದಾಯವನ್ನು ಕಡಿಮೆ ತೋರಿಸಬೇಡಿ. ಸಣ್ಣ ವ್ಯಾಪಾರಿಗಳು ಡಿಜಿಟಲ್ ವಹಿವಾಟಿನ ಶೇ. 6ರಷ್ಟನ್ನು ಲಾಭ ಎಂದು ತೋರಿಸಬಹುದು ಎಂಬ ನಿಯಮ ಹಿಡಿದು, ನಿಜವಾದ ಲಾಭ ಜಾಸ್ತಿ ಇದ್ದರೂ 20 ಲಕ್ಷಕ್ಕೆ 1,20,000 ಎಂದು ತೋರಿಸುತ್ತಾರೆ. ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು ಎಂಬುದೂ ಅದೇ ನಿಯಮ. ಎರಡು ವರ್ಷ ಬಿಟ್ಟು ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವುದು ಎರಡು ಮೂರು ವರ್ಷದ ರಿಟರ್ನ್ಸ್. 1,20,000 ಆದಾಯಕ್ಕೆ ಯಾವ ಸಾಲ ಸಿಗುತ್ತದೆ?

ಆರೋಗ್ಯ ವಿಮೆಯನ್ನು ಕೆಲಸದಲ್ಲಿ ಇದ್ದಾಗಲೇ ಮಾಡಿಸಿ. ಮೊದಲೇ ಇರುವ ಕಾಯಿಲೆಗೆ ವಿಮಾ ಕಂಪನಿಗಳು ಮೂರು ವರ್ಷದವರೆಗೆ ಕಾಯಿಸಬಹುದು. ಆ ಕಾಯುವ ಅವಧಿ ಕಂಪನಿಯ ವಿಮೆ ಇನ್ನೂ ಕೈಯಲ್ಲಿರುವಾಗಲೇ ಕಳೆಯಲು ಶುರುವಾಗಲಿ. ಕಂಪನಿಯ ಗುಂಪು ವಿಮೆಯನ್ನು ಅದೇ ವಿಮಾ ಸಂಸ್ಥೆಯಲ್ಲಿ ಸ್ವಂತ ಪಾಲಿಸಿಗೆ ಬದಲಿಸಿಕೊಳ್ಳುವ ಅವಕಾಶವನ್ನೂ ಎಚ್‌ಆರ್‌ನವರ ಹತ್ತಿರ ಮೊದಲೇ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ, ಅಷ್ಟರಮಟ್ಟಿಗೆ ಭಾರ ಕಡಿಮೆ. ಮನೆಯಲ್ಲಿ ಸಕ್ಕರೆ ಕಾಯಿಲೆಯೋ ಬಿಪಿಯೋ ಇರುವ ಅಪ್ಪ ಅಮ್ಮ ಇದ್ದರೆ, ಪಾಲಿಸಿ ಕೈಗೆ ಬಂದ ಮೇಲೆಯೇ ರಾಜೀನಾಮೆ ಬರೆಯಿರಿ.