ಶನಿವಾರ, ರವಿವಾರ ಗುಳಿಗಿ ಬೇಡ ಅಂದದ್ದು ಯಾಕೆ?

ಕಲಬುರಗಿಯ ಮೇ ತಿಂಗಳು. ಆಳಂದ ಕಡೆಯ ಮುತ್ಯಾ ಒಬ್ಬರನ್ನು ಮಗ, ಸೊಸೆ ಆಟೋದಲ್ಲಿ ಕರೆತಂದರು. ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ, ರೊಟ್ಟಿ ಕಂಡರೆ ವಾಕರಿಕೆ. ಬಿಸಿಲು ಬಡಿದಿರಬೇಕು ಎಂದು ಮನೆಯವರು ಮಜ್ಜಿಗೆ ಕುಡಿಸಿದ್ದರು. ನಾಡಿ ಹಿಡಿದೆ. ನಿಮಿಷಕ್ಕೆ 42. "ಲೈಟೆಲ್ಲಾ ಹಳದಿ ಕಾಣಸ್ತಾವ್ರೀ" ಎಂದರು ಮುತ್ಯಾ. ಗುಳಿಗಿ ಚೀಲ ತೆಗೆಸಿದೆ.

ಅದರಲ್ಲಿ ಡಿಗಾಕ್ಸಿನ್ ಇತ್ತು. ಸೋತ ಹೃದಯ ಇನ್ನೊಂದಿಷ್ಟು ಬಲವಾಗಿ ಹಿಂಡಲಿ ಎಂದು ಕೊಡುವ ಸಣ್ಣ ಗುಳಿಗಿ, 0.25 ಮಿಲಿಗ್ರಾಂ. ವಾರಕ್ಕೆ ಐದು ದಿನ ಮಾತ್ರ, ಶನಿವಾರ, ರವಿವಾರ ಬೇಡ ಎಂದು ಚೀಟಿಯಲ್ಲಿತ್ತು.

"ಸಾಹೇಬ್ರ, ಎರಡು ದಿನ ಎದಿಗೆ ಉಪಾಸ ಯಾಕ ಕೆಡವಬೇಕಂತ ಏಳೂ ದಿನ ತಗೊಂಡೀನ್ರಿ."

ನನಗೆ ಸಿಟ್ಟು ಬರಲಿಲ್ಲ. ಬೇಡ ಎಂದು ಬರೆಯುತ್ತೇವೆ, ಯಾಕೆ ಬೇಡ ಅಂತ ಹೇಳುವುದಿಲ್ಲ. ಅರ್ಧ ತಪ್ಪು ನಮ್ಮದೇ ಅಲ್ವಾ?

ಮೂತ್ರಪಿಂಡ ಚೆನ್ನಾಗಿದ್ದರೂ ಈ ಔಷಧಿಯ ಅರ್ಧ ಭಾಗ ಹೊರಗೆ ಹೋಗಲು ಒಂದೂವರೆಯಿಂದ ಎರಡು ದಿನ ಬೇಕು. ಹಾಗಾಗಿ ರಜೆಯ ದಿನವೂ ಅದು ಮೈಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ವಯಸ್ಸಾದವರಲ್ಲಿ ಇನ್ನೂ ನಿಧಾನ. ಅದರ ಮೇಲೆ ನಮ್ಮ ಬೇಸಿಗೆಯ ಬೆವರು, ವಾಂತಿ ಸೇರಿದರೆ ಮೂತ್ರಪಿಂಡ ಸೊರಗುತ್ತದೆ, ಔಷಧಿ ಒಳಗೇ ಉಳಿಯುತ್ತದೆ. ರಕ್ತದಲ್ಲಿ ಅದು ಒಂದು ಮಿಲಿಲೀಟರ್‌ಗೆ 0.5ರಿಂದ 0.9 ನ್ಯಾನೋಗ್ರಾಂ ಇದ್ದರೆ ಸಾಕು. 2 ದಾಟಿದರೆ ವಿಷದ ಭಯ. ಅಷ್ಟು ಕಿರಿದು ಅಂತರ.

ಇದರ ಜೊತೆ ಕೊಡುವ, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಗುಳಿಗಿ ಇನ್ನೊಂದು ತೊಡಕು ತರುತ್ತದೆ. ಕಾಲಿನ ಬಾವು ಇಳಿಸುವಾಗ ಮೂತ್ರದ ಜೊತೆ ಪೊಟ್ಯಾಸಿಯಂ ಕೂಡ ಹೊರಹಾಕುತ್ತದೆ. ಹೃದಯದ ಕೋಶದ ಗೋಡೆಯಲ್ಲಿ ಸೋಡಿಯಂ ಹೊರಗೆ ದಬ್ಬುವ ಪಂಪ್ ಇದೆ. ಡಿಗಾಕ್ಸಿನ್ ಅದಕ್ಕೆ ಅಂಟಿಕೊಂಡು ತಡೆಯುತ್ತದೆ. ಆಗ ಒಳಗೆ ಕ್ಯಾಲ್ಸಿಯಂ ಕೂಡಿ, ಹೃದಯ ಜೋರಾಗಿ ಹಿಂಡುತ್ತದೆ. ಅದೇ ಪಂಪ್‌ಗೆ ಪೊಟ್ಯಾಸಿಯಂ ಕೂಡ ಪೈಪೋಟಿ ನಡೆಸುತ್ತದೆ. ಪೊಟ್ಯಾಸಿಯಂ ಕಮ್ಮಿಯಾದರೆ ಡಿಗಾಕ್ಸಿನ್ ಹಿಡಿತ ಜಾಸ್ತಿ.

1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಡಿಗಾಕ್ಸಿನ್ ಜಾತಿಯ ಔಷಧಿ ಇರುವ ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆಯನ್ನು ಮೈಬಾವಿಗೆ ಕೊಟ್ಟ ಅನುಭವ ಬರೆದಿಟ್ಟ. ಜಾಸ್ತಿಯಾದರೆ ವಾಂತಿ, ನಾಡಿ 35ಕ್ಕೆ ಇಳಿಯುವುದು, ಕಣ್ಣಿಗೆ ಹಳದಿ ಹಸಿರು ಕಾಣುವುದು, ಎಲ್ಲ ಅದರಲ್ಲಿದೆ. ಮುತ್ಯಾನ ಕೇಸ್‌ಶೀಟ್ ಬರೆಯುವಾಗ ಇದು ನೆನಪಾಯಿತು. ನಮ್ಮ ಹೊಲದ ಬದುವಿನ ಕಣಗಲದಲ್ಲಿರುವುದೂ ಇದೇ ಜಾತಿಯ ವಿಷ. ಅದನ್ನು ತಿಂದ ದನ ಉಳಿಯುವುದು ಕಷ್ಟ ಎಂದು ರೈತರಿಗೆ ಗೊತ್ತು.

ಹೃದಯದ ಬಲ ಹೆಚ್ಚಿದರೆ ಆಯುಷ್ಯವೂ ಹೆಚ್ಚುತ್ತದೆ ಎಂದು ನಾವೂ ಒಂದು ಕಾಲಕ್ಕೆ ನಂಬಿದ್ದೆವು. ಹೃದಯದ ಬಲ ಹೆಚ್ಚಿಸುವ ಮಿಲ್ರಿನೋನ್ ಗುಳಿಗಿಯ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು, ಸಾವು ಹೆಚ್ಚಿತ್ತು. ಈಗ ಅದು, ಅಂಥದ್ದೇ ಇನ್ನೊಂದು ಔಷಧಿ ಡೊಬುಟಮಿನ್ ಎರಡೂ ಐಸಿಯುವಿನ ಡ್ರಿಪ್‌ನಲ್ಲಿ, ಬಿ.ಪಿ. ಬಿದ್ದವರಿಗೆ ಸ್ವಲ್ಪ ದಿನ ಮಾತ್ರ. ಸುಮಾರು 6,800 ರೋಗಿಗಳಲ್ಲಿ ಡಿಗಾಕ್ಸಿನ್ ನೋಡಿದ ಪರೀಕ್ಷೆಯ ಫಲಿತಾಂಶ 1997ರಲ್ಲಿ ಬಂತು. ಆಸ್ಪತ್ರೆ ಸೇರುವುದು ಕಮ್ಮಿಯಾಯಿತು, ಸಾವು ಕಮ್ಮಿಯಾಗಲಿಲ್ಲ. ಆಯುಷ್ಯ ಹೆಚ್ಚಿಸಿದ್ದು ಮೆಟೊಪ್ರೊಲಾಲ್‌ನಂಥ, ಹೃದಯದ ಓಟ ತಗ್ಗಿಸುವ ಗುಳಿಗಿ. ಅದನ್ನು "ಸುಸ್ತು ಮಾಡ್ತದ್ರೀ" ಎಂದು ಬಿಡುತ್ತಾರೆ, ಬಲ ಕೊಡುವುದನ್ನು ಎರಡೆರಡು ನುಂಗುತ್ತಾರೆ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ.

ಮುತ್ಯಾನಿಗೆ ಡಿಗಾಕ್ಸಿನ್ ನಿಲ್ಲಿಸಿ, ಮಾನಿಟರ್ ಹಚ್ಚಿ ಇಟ್ಟುಕೊಂಡೆವು. ಆರನೇ ದಿನ ರೊಟ್ಟಿ ತಿಂದು ಮನೆಗೆ ಹೋದರು. ಕೆಲವು ವಾರ ಬಿಟ್ಟು ಮತ್ತೆ ಶುರು ಮಾಡಿದ್ದು ಅರ್ಧ ಗುಳಿಗಿ, ಅದೂ ಐದೇ ದಿನ. ಸೊಸೆ ಕ್ಯಾಲೆಂಡರ್‌ನಲ್ಲಿ ಶನಿವಾರ, ರವಿವಾರಗಳ ಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದಿದ್ದಾಳೆ. ಗುಳಿಗಿ ಕೊಡುವ ಮೊದಲು ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. 60ಕ್ಕಿಂತ ಕಮ್ಮಿ ಬಂದರೆ ಕೊಡದೆ ನನಗೆ ಫೋನ್ ಮಾಡುತ್ತಾಳೆ. ಇಲ್ಲಿತನಕ ಎರಡು ಸಲ ಮಾಡಿದ್ದಾಳೆ.