ಗುಂಡು ನುಂಗಿದ ಚಿಪ್ಪುಗಲ್ಲು

ನಲವತ್ತು ಅಡಿ ಎತ್ತರದ ಮರದಿಂದ ಬಿದ್ದ ತೆಂಗಿನಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಅದನ್ನೇ ಸುಲಿದು ದೇವಸ್ಥಾನದ ಕಲ್ಲಿಗೆ ಒಮ್ಮೆ ಕುಕ್ಕಿದರೆ ಎರಡು ಹೋಳು. ಗಟ್ಟಿ ಕರಟ ಮಾಡಲಾರದ ಕೆಲಸವನ್ನು ಮೆತ್ತಗಿನ ನಾರಿನ ಸಿಪ್ಪೆ ಮಾಡುತ್ತದೆ. ತೋಟ ಇರುವವರಿಗೆಲ್ಲ ಇದು ಗೊತ್ತು. ಆದರೂ ಕೋಟೆಯ ಮಾತು ಬಂದ ಕೂಡಲೇ ಕಲ್ಲು ಗಟ್ಟಿಯಿದ್ದಷ್ಟೂ ಕೋಟೆ ಭದ್ರ ಎನ್ನುತ್ತೇವೆ. ಹಾಗೆ ಅಂದುಕೊಂಡವರು ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರಿನ ಕಥೆ ಕೇಳಬೇಕು.

ಸ್ಪೇನಿನವರು ಈ ಊರನ್ನು ಕಟ್ಟಿದ್ದು 1565ರಲ್ಲಿ. ನೂರು ವರ್ಷ ಅದನ್ನು ಕಾಯ್ದದ್ದು ಮರದ ಕೋಟೆಗಳು: ಒಂದು ಲಡ್ಡಾಯಿತು, ಇನ್ನೊಂದು ಸುಟ್ಟಿತು, ಮತ್ತೊಂದನ್ನು ಕಟ್ಟಿದರು. 1586ರಲ್ಲಿ ಫ್ರಾನ್ಸಿಸ್ ಡ್ರೇಕ್ ಬಂದು ಊರಿಗೇ ಬೆಂಕಿಯಿಟ್ಟ. 1668ರಲ್ಲಿ ಕಡಲ್ಗಳ್ಳ ರಾಬರ್ಟ್ ಸರ್ಲ್ ರಾತ್ರೋರಾತ್ರಿ ನುಗ್ಗಿ ದೋಚಿದ. ಆಮೇಲಷ್ಟೇ ಸ್ಪೇನಿನ ರಾಣಿ ಕಲ್ಲಿನ ಕೋಟೆಗೆ ಹಣ ಕೊಡಲು ಒಪ್ಪಿದಳು. ಕ್ಯೂಬಾದ ಹವಾನಾದಿಂದ ಇಗ್ನಾಸಿಯೊ ದಾಸಾ ಎಂಬ ಎಂಜಿನಿಯರ್ ಬಂದ. 1672ರ ಅಕ್ಟೋಬರಿನಲ್ಲಿ ಶುರುವಾದ ಕೆಲಸ ಮುಗಿದದ್ದು 1695ರಲ್ಲಿ. ಹೆಸರು ಕಾಸ್ತಿಯೊ ದೆ ಸಾನ್ ಮಾರ್ಕೋಸ್. ಚೌಕದ ನಾಲ್ಕು ಮೂಲೆಗೆ ಬಾಣದ ಮೊನೆಯಂತೆ ಚಾಚಿದ ನಾಲ್ಕು ಕೊತ್ತಲಗಳು, ಸುತ್ತ ಕಂದಕ. ಒಂದು ಕೊತ್ತಲದ ಬುಡಕ್ಕೆ ಬಂದ ಶತ್ರುವಿನ ಮೇಲೆ ಪಕ್ಕದ ಕೊತ್ತಲದಿಂದ ಗುಂಡು ಹಾರಿಸಬಹುದು. ಕಲ್ಲು ಹೊತ್ತವರಲ್ಲಿ ಬಹುಪಾಲು ಗ್ವಾಲೆ, ತಿಮುಕ್ವಾ, ಅಪಲಾಚಿ ಮೂಲನಿವಾಸಿಗಳು. ಜತೆಗೆ ಗುಲಾಮರು, ಕೈದಿಗಳು.

ಆದರೆ ಅಲ್ಲಿ ಕಣಶಿಲೆ, ಅಂದರೆ ಗ್ರಾನೈಟ್, ಇರಲಿಲ್ಲ. ಎದುರಿನ ಅನಸ್ತೇಸಿಯಾ ದ್ವೀಪದಲ್ಲಿ ಸಿಕ್ಕಿದ್ದು ಕೊಕೀನಾ, ಅಂದರೆ ಚಿಪ್ಪುಗಲ್ಲು. ಬೆರಳ ತುದಿಯಷ್ಟಿರುವ ಕಡಲಚಿಪ್ಪುಗಳು ಸಾವಿರಾರು ವರ್ಷ ತೀರದಲ್ಲಿ ರಾಶಿಬಿದ್ದವು. ಮಳೆನೀರು ಚಿಪ್ಪಿನ ಸುಣ್ಣವನ್ನು ಚೂರುಚೂರೇ ಕರಗಿಸಿ, ಚಿಪ್ಪಿಗೆ ಚಿಪ್ಪು ತಾಗುವಲ್ಲಿ ಮತ್ತೆ ಹರಳಾಗಿಸಿತು. ಹೀಗೆ ಚುಕ್ಕಿಚುಕ್ಕಿಯಾಗಿ ಅಂಟಿಕೊಂಡ ರಾಶಿಯೇ ಈ ಕಲ್ಲು. ನಡುವೆಲ್ಲ ಸಂದು, ಕಿಂಡಿ. ಬೆಲ್ಲದ ಪಾಕ ಕಡಿಮೆಯಾದ ಮಂಡಕ್ಕಿ ಉಂಡೆಯನ್ನು ನೆನೆಸಿಕೊಳ್ಳಿ, ಅದೇ ರಚನೆ. ನೆಲದಿಂದ ತೆಗೆದಾಗ ಹಸಿಯಾಗಿ ಮೆತ್ತಗಿರುತ್ತದೆ, ಕೊಡಲಿಯಲ್ಲೇ ಕೊಯ್ಯಬಹುದು. ಗಾಳಿಗೆ ಒಣಗಿದಂತೆ ಬಿಗಿಯಾಗುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ರಸಾಯನ ಬೇರೆಯೇ, ಆದರೆ ಹಸಿಯಲ್ಲಿ ಕೊಯ್ದು ಒಣಗಿಸಿ ಕಟ್ಟುವ ಪದ್ಧತಿ ಮಾತ್ರ ಇದೇ. ಇಂಥ ಕಲ್ಲು ಫಿರಂಗಿಗೆ ತಡೆಯುತ್ತದೆಂದು ಯಾರೂ ಆಣೆಯಿಟ್ಟು ಹೇಳುವಂತಿರಲಿಲ್ಲ. ಹಾಗಾಗಿ ಗೋಡೆಯನ್ನು ಬಹಳ ದಪ್ಪ ಕಟ್ಟಿದರು.

ಪರೀಕ್ಷೆ ಬಂದದ್ದು 1702ರ ನವೆಂಬರಿನಲ್ಲಿ. ಕ್ಯಾರೊಲಿನಾದ ಇಂಗ್ಲಿಷ್ ಗವರ್ನರ್ ಜೇಮ್ಸ್ ಮೂರ್ ದಂಡೆತ್ತಿ ಬಂದ. ಊರಿನವರೂ ಸೈನಿಕರೂ ಸೇರಿ ಸುಮಾರು 1,500 ಜನ ಕೋಟೆಯೊಳಗೆ ಏಳು ವಾರ ಕೂತರು. ಮೂರ್ ಊರು ಸುಟ್ಟು ಹಿಂದಿರುಗಿದ. ಕೋಟೆ ಮಾತ್ರ ಕೈಗೆ ಸಿಗಲಿಲ್ಲ. ಆಮೇಲೆ ಊರಿನ ಸುತ್ತಲೂ ಮಣ್ಣಿನ ದಿಬ್ಬದ ಗೋಡೆ ಎದ್ದಿತು, ಅದರ ಮೇಲೆ ಕತ್ತಾಳೆಯಂಥ ಮುಳ್ಳುಗಿಡ ನೆಟ್ಟರು. 1740ರಲ್ಲಿ ಜಾರ್ಜಿಯಾದ ಜೇಮ್ಸ್ ಓಗಲ್‌ಥಾರ್ಪ್ ಬಂದು ದ್ವೀಪದ ಮೇಲೆ ಫಿರಂಗಿ ಹೂಡಿ 27 ದಿನ ಗುಂಡು ಸುರಿದ. ಗುಂಡುಗಳು ಗೋಡೆಯಲ್ಲಿ ಹೂತುಕೊಂಡವು. ಬಿರುಕು ಹರಿದು ಗೋಡೆ ಕುಸಿಯುತ್ತದೆಂದು ಹೊರಗಿದ್ದವರು ಕಾದದ್ದೇ ಬಂತು.

ಯಾಕೆ ಹೀಗೆ? ನನಗೆ ಅತಿ ಪ್ರಿಯವಾದ ಲೆಕ್ಕ ಇಲ್ಲಿದೆ. ಸುಮಾರು 11 ಕಿಲೋ ತೂಕದ ಕಬ್ಬಿಣದ ಗುಂಡು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಬಂತೆನ್ನಿ. ಅದರ ಚಲನಶಕ್ತಿ ಸುಮಾರು 5 ಲಕ್ಷ ಜೂಲ್. ಗೋಡೆ ಇದನ್ನು ಹೇಗಾದರೂ ಜೀರ್ಣಿಸಿಕೊಳ್ಳಲೇಬೇಕು, ಬೇರೆ ದಾರಿಯಿಲ್ಲ. ಗುಂಡು 5 ಸೆಂಟಿಮೀಟರಿನಲ್ಲಿ ನಿಂತರೆ ಗೋಡೆಯ ಮೇಲೆ ಬೀಳುವ ಸರಾಸರಿ ಬಲ 1 ಕೋಟಿ ನ್ಯೂಟನ್. 50 ಸೆಂಟಿಮೀಟರ್ ಒಳಹೊಕ್ಕು ನಿಂತರೆ 10 ಲಕ್ಷ. ಶಕ್ತಿ ಅಷ್ಟೇ, ಬಲ ಹತ್ತರಲ್ಲೊಂದು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವವನು ಕೈಯನ್ನು ಚೆಂಡಿನ ಜತೆ ಹಿಂದಕ್ಕೆಳೆಯುವುದು ಇದಕ್ಕೇ. ಮರಳಿನ ಗುಂಡಿಗೆ ಹಾರುವ ಹುಡುಗನ ಮೊಣಕಾಲು ಉಳಿಯುವುದೂ ಇದಕ್ಕೇ.

ಕಣಶಿಲೆಗೆ ಹೀಗೆ ಹಿಂದೆ ಸರಿಯುವ ಗುಣವಿಲ್ಲ. ಏಟು ಬಿದ್ದಲ್ಲಿಂದ ಒತ್ತಡದ ಅಲೆ ಕಲ್ಲೊಳಗೆ ಓಡುತ್ತದೆ, ಆಚೆ ಮುಖ ಮುಟ್ಟಿ ಎಳೆತದ ಅಲೆಯಾಗಿ ಮರಳುತ್ತದೆ. ಒತ್ತಡಕ್ಕೆ ಜಗ್ಗದ ಕಲ್ಲು ಎಳೆತಕ್ಕೆ ಬಲು ದುರ್ಬಲ. ಬಿರುಕು ಸರಸರನೆ ಹರಿಯುತ್ತದೆ. ಚಿಪ್ಪುಗಲ್ಲಿನಲ್ಲಿ ಅಲೆಗೆ ನೇರ ದಾರಿಯೇ ಇಲ್ಲ, ಪ್ರತಿ ಕಿಂಡಿಯಲ್ಲೂ ಚದುರುತ್ತದೆ. ಗುಂಡು ಮುನ್ನುಗ್ಗಿದಂತೆ ಎದುರಿನ ಚಿಪ್ಪುಗಳ ಬೆಸುಗೆ ಒಂದೊಂದಾಗಿ ಮುರಿಯುತ್ತದೆ, ಚೂರುಗಳು ಕಿಂಡಿಗಳಿಗೆ ತುಂಬಿಕೊಳ್ಳುತ್ತವೆ. ಪ್ರತಿ ಮುರಿತವೂ ಗುಂಡಿನಿಂದ ಒಂದಿಷ್ಟು ಶಕ್ತಿಯನ್ನು ಸುಂಕದಂತೆ ವಸೂಲಿ ಮಾಡುತ್ತದೆ. ಒಂದು ಮೊಳದಾಚೆಯ ಕಲ್ಲಿಗೆ ಸುದ್ದಿಯೂ ಮುಟ್ಟುವುದಿಲ್ಲ. ಬೈಕ್ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಮಾಡುವುದೂ ಇದನ್ನೇ: ತಾನು ಜಜ್ಜಿಹೋಗಿ ತಲೆ ಉಳಿಸುತ್ತದೆ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ಲಾರಿಡಾದ ಸಂಶೋಧಕರು ಚಿಪ್ಪುಗಲ್ಲು, ಮರಳುಗಲ್ಲು, ಕೃತಕ ನೊರೆವಸ್ತು ಮೂರಕ್ಕೂ ಸಣ್ಣ ಉಕ್ಕಿನ ಗುಂಡು ಹೊಡೆದು ನೋಡಿದರು. ಚಿಪ್ಪುಗಲ್ಲು ವರ್ತಿಸಿದ್ದು ನೊರೆವಸ್ತುವಿನ ಹಾಗೆ.

ಇಂಥದ್ದನ್ನು ಹೇಳಿದೊಡನೆ ‘ಹಿಂದಿನವರಿಗೆ ಗುಟ್ಟು ಗೊತ್ತಿತ್ತು’ ಎನ್ನುವವರಿದ್ದಾರೆ. ಹಳೆಯ ಗಾರೆಗೆಲ್ಲ ಯಾವುದೋ ರಹಸ್ಯ ರಸ ಬೆರೆಸಿದ್ದರೆಂಬ ಕಥೆಗಳು ನನಗೆ ಬೇಸರ ತರಿಸುತ್ತವೆ. ಇಲ್ಲಿಯ ಗಾರೆಗೆ ಸುಟ್ಟದ್ದು ಕಡಲ ಚಿಪ್ಪನ್ನೇ, ನಮ್ಮ ಕರಾವಳಿಯಲ್ಲೂ ಸುಟ್ಟು ಸುಣ್ಣ ಮಾಡುತ್ತಿದ್ದ ಹಾಗೆ. ಸ್ಪೇನಿನವರಿಗೆ ಗುಟ್ಟೇನೂ ಗೊತ್ತಿರಲಿಲ್ಲ. ಸಿಕ್ಕ ಕಲ್ಲಲ್ಲಿ ಎಚ್ಚರಿಕೆಯಿಂದ ಕಟ್ಟಿದರು. ಅದರ ಗುಣ ಗುಂಡು ಬಿದ್ದ ಮೇಲೆ ತಿಳಿಯಿತು. ಪೂರ್ವಜರನ್ನು ಮಂತ್ರವಾದಿಗಳೆಂದರೆ ಅವರು ಪಟ್ಟ ಶ್ರಮಕ್ಕೆ ಅವಮಾನ.

ಮೆತ್ತನೆಯ ಕಲ್ಲೇ ಎಲ್ಲವನ್ನೂ ಗೆಲ್ಲುತ್ತದೆ ಎಂಬ ಹೊಸ ಮೂಢನಂಬಿಕೆಯೂ ಬೇಡ. ಸ್ಪೇನಿನವರದೇ ಇನ್ನೊಂದು ಕೋಟೆಯ ನಗರ ಮನಿಲಾದ ಇಂಟ್ರಾಮುರೋಸ್. ಅದರ ಗೋಡೆ ಜ್ವಾಲಾಮುಖಿಯ ಬೂದಿ ಹೆಪ್ಪುಗಟ್ಟಿದ ಹಗುರ ಕಲ್ಲಿನದು, ಅದರಲ್ಲೂ ಕಿಂಡಿಗಳಿವೆ. 1762ರಲ್ಲಿ ಮದರಾಸಿನಿಂದ ಹೊರಟ ಬ್ರಿಟಿಷ್ ಪಡೆ, ಅದರೊಳಗೆ ಮದರಾಸಿನ ಸಿಪಾಯಿಗಳೂ ಇದ್ದರು, ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಳಿದು ಅಕ್ಟೋಬರ್ 6ಕ್ಕೆ ನಗರ ಹಿಡಿಯಿತು. ಕೆಲವೇ ನೂರು ಗಜ ದೂರದಲ್ಲಿ ಭಾರೀ ಫಿರಂಗಿ ಹೂಡಿ ಸಾನ್ ದಿಯೆಗೊ ಕೊತ್ತಲವನ್ನು ಒಡೆದರು. ಸೇಂಟ್ ಆಗಸ್ಟೀನಿನಲ್ಲಿ ಗುಂಡುಗಳು ನೀರಿನಾಚೆಯ ದ್ವೀಪದಿಂದ ಬರಬೇಕಿತ್ತು. ಗಾಳಿ ದಾರಿಯಲ್ಲೇ ವೇಗ ತಿನ್ನುತ್ತದೆ, ವೇಗ ಅರ್ಧವಾದರೆ ಶಕ್ತಿ ಕಾಲುಭಾಗ. ಚಿಪ್ಪುಗಲ್ಲಿನ ಹಿಂದೆ ಕೊಲ್ಲಿಯ ನೀರಿನ ಉಪಕಾರವೂ ಇತ್ತು.

ಅದೇ ಯುದ್ಧ ಮುಗಿದಾಗ, 1763ರ ಒಪ್ಪಂದದಲ್ಲಿ, ಬ್ರಿಟಿಷರು ಹಿಡಿದಿದ್ದ ಹವಾನಾವನ್ನು ಮರಳಿ ಪಡೆಯಲು ಸ್ಪೇನ್ ಫ್ಲಾರಿಡಾವನ್ನು ಅವರಿಗೆ ಬಿಟ್ಟುಕೊಟ್ಟಿತು. ಗುಂಡಿಗೆ ಬೀಳದ ಕೋಟೆ ಕಾಗದದ ಮೇಲೆ ಕೈಬದಲಾಯಿತು.

ಸ್ಪೇನಿನವರ ಕಾಲದಲ್ಲಿ ಗೋಡೆಗೆ ಬಿಳಿ ಗಾರೆಯ ಲೇಪವಿತ್ತು, ಕಾವಲುಗೂಡುಗಳು ಕೆಂಪಗಿದ್ದವು. ಆ ಲೇಪ ಬಹುತೇಕ ಉದುರಿ ಚಿಪ್ಪು ಈಗ ಬರಿಮೈಯಲ್ಲಿ ನಿಂತಿದೆ. ನೋಡಲು ಬಂದವರು ಗೋಡೆಯ ಮೇಲೆ ಕೂರಬಾರದೆಂದು ಪಾಲಕರು ಕೇಳಿಕೊಳ್ಳುತ್ತಾರೆ, ಏಕೆಂದರೆ ಬಟ್ಟೆ ತೀಡಿದರೂ ಕಣಗಳು ಉದುರುತ್ತವೆ. ಅದಕ್ಕಿಂತ ದೊಡ್ಡ ಶತ್ರು ಮಳೆ. ಚಿಪ್ಪಿಗೆ ಚಿಪ್ಪನ್ನು ಬೆಸೆದ ಅದೇ ನೀರು ಈಗ ಆ ಬೆಸುಗೆಯ ಸುಣ್ಣವನ್ನು ಹನಿಹನಿಯಾಗಿ ಬಿಚ್ಚಿಕೊಂಡು ಕೊಲ್ಲಿಗೆ ಒಯ್ಯುತ್ತಿದೆ.