ಹೊಸ ಕಂಪ್ಯೂಟರಿನಲ್ಲಿ ಎಸ್‌ಕ್ಯೂಎಲ್ ಸರ್ವರ್ ಇನ್‌ಸ್ಟಾಲ್ ಏಕೆ ಆಗುವುದಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆ ಎ.ಪಿ.ಎಂ.ಸಿ. ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತಕ್‌ಪಟ್ಟಿ, ರೈತರ ಬಾಕಿ, ಖರೀದಿದಾರರ ಖಾತೆ ಎಲ್ಲವೂ ಎಸ್‌ಕ್ಯೂಎಲ್ ಸರ್ವರ್ ಎಂಬ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಮೇಲೆ ನಡೆಯುವ ತಂತ್ರಾಂಶದಲ್ಲಿದೆ. ಹಳೆಯ ಕಂಪ್ಯೂಟರ್ ನಿಧಾನವಾಗಿದೆ ಎಂದು ಸಾಹುಕಾರರು ವಿಂಡೋಸ್ 11 ಇರುವ ಹೊಸದನ್ನು ತಂದಿದ್ದಾರೆ. ಅದಕ್ಕೆ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್ ಹಾಕಲು ಹೋದರೆ, ಹಸಿರು ಪಟ್ಟಿ ಹೆಚ್ಚುಕಡಿಮೆ ಕೊನೆಯವರೆಗೆ ಹೋಗಿ, ‘ವೇಟ್ ಆನ್ ದಿ ಡೇಟಾಬೇಸ್ ಎಂಜಿನ್ ರಿಕವರಿ ಹ್ಯಾಂಡಲ್ ಫೇಲ್ಡ್’ ಎಂದು ನಿಂತುಬಿಡುತ್ತದೆ. ತೆಗೆದು ಮತ್ತೆ ಹಾಕಿದರೂ ಅದೇ ಕಥೆ. ಡಿ ಡ್ರೈವ್‌ಗೆ ಹಾಕಿಯೂ ನೋಡಿದೆವು. ಕಂಪ್ಯೂಟರ್ ಕೊಟ್ಟವರು ತಂತ್ರಾಂಶದವರನ್ನು ಕೇಳಿ ಎನ್ನುತ್ತಾರೆ, ತಂತ್ರಾಂಶದವರು ಕಂಪ್ಯೂಟರೇ ಸರಿಯಿಲ್ಲ ಎನ್ನುತ್ತಾರೆ. ನಾವು ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಕಂಪ್ಯೂಟರ್ ಕೆಟ್ಟಿಲ್ಲ, ತಂತ್ರಾಂಶವೂ ಕೆಟ್ಟಿಲ್ಲ. ನಿಮ್ಮ ಹೊಸ ಯಂತ್ರದ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಡಿಸ್ಕ್) ತನ್ನ ಬಗ್ಗೆ ಕೊಡುತ್ತಿರುವ ಒಂದು ಅಳತೆಯನ್ನು ಎಸ್‌ಕ್ಯೂಎಲ್ ಸರ್ವರ್ ಒಪ್ಪುತ್ತಿಲ್ಲ. ಬಹುಮಟ್ಟಿಗೆ ಇಷ್ಟೇ ಇರಬೇಕು. ಮಂಡಿಪೇಟೆಯ ಸಗಟು ಅಂಗಡಿಯವರು, ಔಷಧ ವಿತರಕರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ಹೀಗೆ ಹೊಸ ಕಂಪ್ಯೂಟರ್ ಕೊಂಡ ಯಾರು ಬೇಕಾದರೂ ಕೇಳುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ತೆಗೆಯುವುದು, ಹಾಕುವುದು ಎರಡನ್ನೂ ನಿಲ್ಲಿಸಿ. ಕಾರಣ ಗೊತ್ತಿಲ್ಲದೆ ಹತ್ತು ಸಲ ಹಾಕಿದರೂ ಹನ್ನೊಂದನೆಯ ಸಲ ಅದೇ ಉತ್ತರ ಬರುತ್ತದೆ, ಜೊತೆಗೆ ಅರ್ಧಂಬರ್ಧ ಉಳಿದ ಫೈಲುಗಳು ಹೊಸ ತಕರಾರು ಹುಟ್ಟಿಸುತ್ತವೆ.

ಮೊದಲು ಆ ಸಂದೇಶ ಯಾರದು ಎಂದು ನೋಡೋಣ. ಇನ್‌ಸ್ಟಾಲ್ ಮಾಡುವ ‘ಸೆಟಪ್’ ಎಂಬ ತಂತ್ರಾಂಶವು ಫೈಲುಗಳನ್ನೆಲ್ಲ ನಕಲು ಮಾಡಿ, ಕೊನೆಗೆ ಸರ್ವರನ್ನು ಒಮ್ಮೆ ಚಾಲೂ ಮಾಡಿ, ಅದು ಎದ್ದು ‘ಸಿದ್ಧ’ ಎನ್ನಲಿ ಎಂದು ಕಾಯುತ್ತದೆ. ಸರ್ವರ್ ಏಳಲಿಲ್ಲವೆಂದರೆ ಕಾದು ಸಾಕಾಗಿ, ‘ಕಾದೆ, ಬರಲಿಲ್ಲ’ ಎಂದು ಹೇಳುತ್ತದೆ. ನೀವು ಓದಿದ್ದು ಸೆಟಪ್‌ನ ಈ ದೂರನ್ನು. ಸರ್ವರ್ ಏಕೆ ಏಳಲಿಲ್ಲ ಎಂಬುದು ಸೆಟಪ್‌ಗೂ ಗೊತ್ತಿಲ್ಲ. ಅದು ಗೊತ್ತಿರುವುದು ಸರ್ವರಿಗೆ ಮಾತ್ರ, ಮತ್ತು ಅದು ಬೀಳುವ ಮುನ್ನ ಒಂದು ಫೈಲಿನಲ್ಲಿ ಬರೆದಿಟ್ಟೇ ಬಿದ್ದಿರುತ್ತದೆ. ಡೇಟಾಬೇಸ್ ಸರ್ವರುಗಳ ಮಟ್ಟಿಗೆ ಇದು ಹೆಚ್ಚಿನ ಎಲ್ಲ ತೊಂದರೆಗಳಿಗೂ ಅನ್ವಯಿಸುತ್ತದೆ: ಪರದೆಯ ಮೇಲೆ ಕಾಣುವುದು ಕೊನೆಯವನ ದೂರು, ಕಾರಣ ಲಾಗ್ ಫೈಲಿನಲ್ಲಿರುತ್ತದೆ.

ನೋಡಬೇಕಾದ ಫೈಲುಗಳು ಎರಡು. ಸಿ ಡ್ರೈವ್‌ನ ‘ಪ್ರೋಗ್ರಾಂ ಫೈಲ್ಸ್’ ಒಳಗೆ ‘ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್’ ಎಂಬ ಫೋಲ್ಡರ್ ಇದೆ. ಅದರಲ್ಲಿ 150 ಎಂಬ ಸಂಖ್ಯೆಯ ಫೋಲ್ಡರ್, ಅದರೊಳಗೆ ‘ಸೆಟಪ್ ಬೂಟ್‌ಸ್ಟ್ರಾಪ್’, ಅದರೊಳಗೆ ‘ಲಾಗ್’. 150 ಎಂದರೆ 2019ರ ಆವೃತ್ತಿ. 2022 ಹಾಕಿದ್ದರೆ 160 ಇರುತ್ತದೆ. ಅಲ್ಲಿರುವ ‘ಸಮ್ಮರಿ’ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಯಾವ ಭಾಗ ಪಾಸಾಯಿತು, ಯಾವುದು ಫೇಲಾಯಿತು ಎಂಬುದು ಸಾಲಾಗಿ ಸಿಗುತ್ತದೆ. ನಿಮ್ಮದರಲ್ಲಿ 0ಎಕ್ಸ್851ಎ001ಎ ಎಂಬ ಕೋಡ್ ಕಾಣಬೇಕು. ಎರಡನೆಯದು ಸರ್ವರಿನ ಸ್ವಂತ ಡೈರಿಯಾದ ‘ಎರರ್‌ಲಾಗ್’. ಇದು ಅದೇ ‘ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್’ ಫೋಲ್ಡರಿನಲ್ಲಿ ‘ಎಂಎಸ್‌ಎಸ್‌ಕ್ಯೂಎಲ್15.ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್’ ಎಂಬುದರ ಒಳಗೆ ‘ಎಂಎಸ್‌ಎಸ್‌ಕ್ಯೂಎಲ್’, ಅದರ ‘ಲಾಗ್’ನಲ್ಲಿ ಸಿಗುತ್ತದೆ. ಸರ್ವರ್ ಪ್ರತಿ ಸಲ ಏಳಲು ಹೊರಟಾಗಲೂ ಹೊಸ ಎರರ್‌ಲಾಗ್ ತೆರೆದು, ಹಳೆಯದನ್ನು ‘ಎರರ್‌ಲಾಗ್.1’ ಎಂದು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಅದನ್ನೂ ತೆರೆದು ನೋಡಿ.

ಎರರ್‌ಲಾಗ್‌ನ ಕೊನೆಯ ಭಾಗದಲ್ಲಿ ‘256 ಮಿಸ್‌ಅಲೈನ್ಡ್ ಲಾಗ್ ಐಒ’ ಎಂಬ ಮಾತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಎಸ್‌ಕ್ಯೂಎಲ್ ಸರ್ವರ್ ತನ್ನ ವ್ಯವಹಾರದ ಲಾಗನ್ನು (ಡೇಟಾದ ಪ್ರತಿ ಬದಲಾವಣೆಯ ದಾಖಲೆ, ಎರರ್‌ಲಾಗ್ ಅಲ್ಲ) ಡಿಸ್ಕಿನ ಸೆಕ್ಟರ್ (ಡಿಸ್ಕ್ ಒಂದೇ ಸಲಕ್ಕೆ ಬರೆಯುವ ತುಣುಕು) ಅಳತೆಗೆ ಸರಿಯಾಗಿ ಹೊಂದಿಸಿ ಬರೆಯುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೂ ಅರ್ಧ ಬರೆದ ತುಣುಕು ಉಳಿಯಬಾರದು ಎಂಬುದಕ್ಕಾಗಿ ಈ ಶಿಸ್ತು. ಅದು ಒಪ್ಪುವ ಸೆಕ್ಟರ್ ಅಳತೆ ಎರಡೇ: 512 ಬೈಟ್ ಮತ್ತು 4096 ಬೈಟ್. ವಿಂಡೋಸ್ 10ರಲ್ಲಿ ಇದು ತಲೆನೋವಾಗಿರಲಿಲ್ಲ. ವಿಂಡೋಸ್ 11ರ ಎನ್‌ವಿಎಂಇ ಡ್ರೈವರ್ (ಇಂಥ ಎಸ್‌ಎಸ್‌ಡಿಗಳನ್ನು ನಡೆಸುವ ವಿಂಡೋಸ್‌ನ ಭಾಗ) ಡಿಸ್ಕ್ ಹೇಳಿದ ಅಳತೆಯನ್ನು ಇದ್ದ ಹಾಗೆಯೇ ಮುಂದೆ ದಾಟಿಸುತ್ತದೆ. ಕೆಲವು ಎಸ್‌ಎಸ್‌ಡಿಗಳು 16384, 32768 ಅಥವಾ ಇನ್ನೂ ದೊಡ್ಡ ಸಂಖ್ಯೆಯನ್ನು ಹೇಳುತ್ತವೆ. ಸರ್ವರ್ ಅದನ್ನು ನೋಡಿ ಕೈಚೆಲ್ಲುತ್ತದೆ. ವಿಂಡೋಸ್ 10ರಲ್ಲಿ ಚೆನ್ನಾಗಿದ್ದ ಸರ್ವರ್ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದ ಮರುದಿನ ಏಳದೇ ಇರುವುದಕ್ಕೂ ಇದೇ ಕಾರಣವಿರಬಹುದು. ಇನ್ನು ನಿಮ್ಮ ಡಿ ಡ್ರೈವ್ ಪ್ರಯೋಗ ಏಕೆ ಫಲಿಸಲಿಲ್ಲ ಎಂದರೆ, ಅದು ಅದೇ ಎಸ್‌ಎಸ್‌ಡಿಯ ಇನ್ನೊಂದು ಭಾಗ, ಅಷ್ಟೇ. ಗೋಡೆ ಎಬ್ಬಿಸಿದ ಮಾತ್ರಕ್ಕೆ ನೆಲ ಬದಲಾಗುವುದಿಲ್ಲ.

ಊಹೆ ಬೇಡ, ಅಳೆದು ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ಸೆಕ್ಟರ್‌ಇನ್ಫೋ ಸಿ:’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ (fsutil fsinfo sectorinfo C:) ಕೊಡಿ. ಬರುವ ಸಾಲುಗಳಲ್ಲಿ ‘ಫಿಸಿಕಲ್ ಬೈಟ್ಸ್ ಪರ್ ಸೆಕ್ಟರ್’ ಎಂದು ಆರಂಭವಾಗುವ ಎರಡು ಸಾಲುಗಳಿವೆ, ಒಂದರ ಕೊನೆಯಲ್ಲಿ ‘ಅಟಾಮಿಸಿಟಿ’, ಇನ್ನೊಂದರಲ್ಲಿ ‘ಪರ್ಫಾರ್ಮೆನ್ಸ್’. ಇವೆರಡರಲ್ಲಿ ಯಾವುದಾದರೂ 4096ಕ್ಕಿಂತ ದೊಡ್ಡದಿದ್ದರೆ ರೋಗ ಖಚಿತ.

ಮದ್ದನ್ನು ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ರಿಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳ ಸೆಟ್ಟಿಂಗುಗಳನ್ನು ಬದಲಿಸುವ ಸಾಧನ) ತೆರೆದು, ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಒಂದು ಪ್ರತಿ ತೆಗೆದಿಡಿ. ನಂತರ ಲೋಕಲ್ ಮೆಷಿನ್, ಸಿಸ್ಟಂ, ಕರೆಂಟ್‌ಕಂಟ್ರೋಲ್‌ಸೆಟ್, ಸರ್ವಿಸಸ್, ಸ್ಟೋರ್‌ಎನ್‌ವಿಎಂಇ (stornvme), ಪ್ಯಾರಾಮೀಟರ್ಸ್, ಡಿವೈಸ್ ಎಂಬ ದಾರಿಯಲ್ಲಿ ಇಳಿಯಿರಿ. ಅಲ್ಲಿ ಮಲ್ಟಿ ಸ್ಟ್ರಿಂಗ್ ಬಗೆಯ ಹೊಸ ಮೌಲ್ಯವೊಂದನ್ನು ಮಾಡಿ. ಹೆಸರು ‘ಫೋರ್ಸ್ಡ್ ಫಿಸಿಕಲ್ ಸೆಕ್ಟರ್ ಸೈಜ್ ಇನ್ ಬೈಟ್ಸ್’, ಆರು ಪದಗಳೂ ನಡುವೆ ಜಾಗ ಬಿಡದೆ, ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಅದರೊಳಗೆ ಒಂದು ನಕ್ಷತ್ರ ಚಿಹ್ನೆ, ಒಂದು ಸ್ಪೇಸ್, ಆಮೇಲೆ 4095. ಹೌದು, 4096 ಅಲ್ಲ, 4095. ಅಚ್ಚಿನ ದೋಷವೆಂದು ನೀವೇ ತಿದ್ದಲು ಹೋಗಬೇಡಿ. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ಅಭ್ಯಾಸವಿಲ್ಲದಿದ್ದರೆ ಇದೊಂದು ಹೆಜ್ಜೆಗೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಮೇಲೆ ರೀಸ್ಟಾರ್ಟ್ ಮಾಡಬೇಕು. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಸಾಲದು. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಆದಾಗಲೂ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಉಳಿಸಿಕೊಂಡು ಮಲಗಿರುತ್ತದೆ, ಡ್ರೈವರ್ ಹೊಸದಾಗಿ ಏಳುವುದಿಲ್ಲ. ‘ರಿಜಿಸ್ಟ್ರಿ ಬದಲಿಸಿದರೂ ಆಗಲಿಲ್ಲ’ ಎನ್ನುವವರನ್ನು ಮೊದಲು ಕೇಳಬೇಕಾದದ್ದು ಇದನ್ನೇ. ರೀಸ್ಟಾರ್ಟ್ ಆದಮೇಲೆ ಅದೇ ಆದೇಶ ಮತ್ತೆ ಕೊಟ್ಟು, 4096 ಬಂದಿದೆ ಎಂದು ಕಣ್ಣಾರೆ ನೋಡಿ. ನಂತರ ಅರ್ಧಕ್ಕೆ ನಿಂತ ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್ ಇನ್‌ಸ್ಟೆನ್ಸನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದು, ಹೊಸದಾಗಿ ಹಾಕಿ. ಹೊಸ ಕಂಪ್ಯೂಟರಿನಲ್ಲಿ ನಿಮ್ಮ ಲೆಕ್ಕ ಇನ್ನೂ ಇಲ್ಲವಾದ್ದರಿಂದ ಇಲ್ಲಿ ತೆಗೆಯುವುದರಲ್ಲಿ ಅಪಾಯವಿಲ್ಲ.

ಎರರ್‌ಲಾಗ್‌ನಲ್ಲಿ 256ರ ಸಾಲು ಇಲ್ಲದಿದ್ದರೆ? ‘ಆಪರೇಟಿಂಗ್ ಸಿಸ್ಟಂ ಎರರ್ 5’ ಎಂದಿದ್ದರೆ ಸರ್ವರಿನ ಸರ್ವಿಸ್ ಖಾತೆಗೆ ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇಲ್ಲ. 32 ಎಂದಿದ್ದರೆ ಇನ್ನಾರೋ ಆ ಫೈಲನ್ನು ಹಿಡಿದುಕೊಂಡಿದ್ದಾರೆ, ಬಹಳ ಸಲ ಆಂಟಿವೈರಸ್. ಜಾಗ ಉಳಿಸಲೆಂದು ಡ್ರೈವನ್ನು ಕಂಪ್ರೆಸ್ ಮಾಡಿದ್ದರೆ ಸೆಟಪ್ ಒಪ್ಪುವುದಿಲ್ಲ. ‘ರೀಸ್ಟಾರ್ಟ್ ಬಾಕಿ ಇದೆ’ ಎಂದರೆ ನಿಜಕ್ಕೂ ರೀಸ್ಟಾರ್ಟ್ ಮಾಡಿ. ವಿಂಡೋಸ್ 7 ಇರುವ ಹಳೆಯ ಯಂತ್ರಕ್ಕೆ 2019 ಹಾಕಲು ಒದ್ದಾಡುವವರೂ ಇದ್ದಾರೆ. ಅದಕ್ಕೆ ವಿಂಡೋಸ್ 10 ಅಥವಾ ನಂತರದ್ದೇ ಬೇಕು, ವಾದವಿಲ್ಲ.

ಇನ್ನು ಹಳೆಯ ಲೆಕ್ಕವನ್ನು ಹೊಸದಕ್ಕೆ ತರುವುದು. ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ, ಮತ್ತು ನಿಜವಾದ ನಷ್ಟ ಆಗುವುದು ಇಲ್ಲಿ. ಎಸ್‌ಕ್ಯೂಎಲ್ ಸರ್ವರಿನ ಡೇಟಾಬೇಸ್ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಮಂಡಿಗಳಲ್ಲಿ ನಡೆಯುವುದು ಹೀಗೆ: ತಂತ್ರಾಂಶದ ಹುಡುಗ ಬಂದು ಡೇಟಾ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ತನ್ನ ಲ್ಯಾಪ್‌ಟಾಪಿನ 2019ಕ್ಕೆ ಅಟ್ಯಾಚ್ ಮಾಡಿ ಏನೋ ಸರಿಪಡಿಸಿ, ವಾಪಸ್ ತಂದು ಅಂಗಡಿಯ 2017ಕ್ಕೆ ಜೋಡಿಸಲು ಹೋಗುತ್ತಾನೆ. ‘ಈ ಡೇಟಾಬೇಸ್ ವರ್ಷನ್ 904, ಈ ಸರ್ವರ್ 869 ಮತ್ತು ಅದಕ್ಕಿಂತ ಹಿಂದಿನದನ್ನು ಮಾತ್ರ ಬೆಂಬಲಿಸುತ್ತದೆ’ ಎಂಬ ಅರ್ಥದ ಸಂದೇಶ ಬರುತ್ತದೆ. 904 ಎಂದರೆ 2019ರ ಒಳಸಂಖ್ಯೆ, 869 ಎಂದರೆ 2017ರದು. ಅಟ್ಯಾಚ್ ಮಾಡಿದ ಕ್ಷಣದಲ್ಲಿಯೇ ಆ ಫೈಲಿನ ಒಳರಚನೆ ಹೊಸ ಆವೃತ್ತಿಗೆ ಬದಲಾಗಿರುತ್ತದೆ. ಯಾರೂ ಏನೂ ಕೇಳಲಿಲ್ಲ, ಎಚ್ಚರಿಸಲೂ ಇಲ್ಲ. ಆದ್ದರಿಂದ ಮೂಲ ಫೈಲನ್ನು ಯಾರ ಕೈಗೂ ಕೊಡಬೇಡಿ. ಬ್ಯಾಕಪ್ ತೆಗೆದು ಆ ಪ್ರತಿಯನ್ನು ಕೊಡಿ.

ನಿಮ್ಮ ಹಳೆಯ ಯಂತ್ರದಲ್ಲಿ 2008 ಆರ್2 ಇದ್ದರೂ ಅದರ ಬ್ಯಾಕಪ್ ಫೈಲು 2019ರಲ್ಲಿ ನೇರವಾಗಿ ರಿಸ್ಟೋರ್ ಆಗುತ್ತದೆ. ಅದೇ ಯಂತ್ರದಲ್ಲಿ 2008 ಆರ್2 ಮೇಲೆಯೇ 2019 ಹಾಕಿ ಮೇಲ್ದರ್ಜೆಗೆ ಏರಿಸಲು ಮಾತ್ರ ಆಗದು, ಅದಕ್ಕೆ ಕನಿಷ್ಠ 2012 ಇರಬೇಕು. ನನ್ನನ್ನು ಕೇಳಿದರೆ, ಆಗುವಂತಿದ್ದರೂ ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಬಾರದು. ಪಕ್ಕದಲ್ಲಿ ಹೊಸ ಯಂತ್ರ ಇರುವಾಗ ಹಳೆಯದನ್ನು ಮುಟ್ಟುವ ದರ್ದು ಏನಿದೆ? ಹೊಸದರಲ್ಲಿ ರಿಸ್ಟೋರ್ ಮಾಡಿ, ಒಬ್ಬ ರೈತನ ಬಾಕಿಯನ್ನೂ ಒಬ್ಬ ಖರೀದಿದಾರನ ಖಾತೆಯನ್ನೂ ಎರಡೂ ಪರದೆಗಳಲ್ಲಿ ಎದುರುಬದುರು ತಾಳೆ ನೋಡಿ, ಕೆಲವು ದಿನ ಹಳೆಯದನ್ನು ಹಾಗೆಯೇ ಇಟ್ಟುಕೊಳ್ಳಿ. ಮೆಕ್ಕೆಜೋಳದ ಆವಕ ಶುರುವಾದ ಮೇಲೆ ಈ ಕೆಲಸಕ್ಕೆ ಕೈ ಹಾಕುವುದಂತೂ ಬೇಡ.

ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಿ ಸಿಕ್ಕಿಬಿದ್ದವರಿಗೂ ಒಂದು ಮಾತು. ಲಾಗ್‌ನಲ್ಲಿ ‘ಸ್ಕ್ರಿಪ್ಟ್ ಲೆವೆಲ್ ಅಪ್‌ಗ್ರೇಡ್ ಫಾರ್ ಡೇಟಾಬೇಸ್ ಮಾಸ್ಟರ್ ಫೇಲ್ಡ್’ ಮತ್ತು 912 ಎಂಬ ಸಂಖ್ಯೆ ಇದ್ದರೆ, ಮಾಸ್ಟರ್ (ಸರ್ವರ್ ತನ್ನ ಸ್ವಂತ ಮಾಹಿತಿ ಇಡುವ ಡೇಟಾಬೇಸ್) ಹಾಳಾಯಿತೆಂದು ಅಳಿಸಿ ಕೂರಬೇಡಿ. ಅದರ ಮೇಲಿನ ಸಾಲುಗಳನ್ನು ಓದಿ. ಎಂದೋ ತೆಗೆದುಹಾಕಿದ ಡ್ರೈವ್‌ನ ಫೋಲ್ಡರೊಂದು ಇನ್ನೂ ಡೇಟಾ ಇಡುವ ಜಾಗವೆಂದು ದಾಖಲಾಗಿರುವುದು ಇಲ್ಲಿ ಮೇಲಿಂದ ಮೇಲೆ ಕಾಣುವ ಕಾರಣ. 902 ಎಂಬ ಟ್ರೇಸ್ ಫ್ಲ್ಯಾಗ್ (ಸರ್ವರ್ ಏಳುವಾಗ ಕೊಡುವ ವಿಶೇಷ ಸೂಚನೆ) ಕೊಟ್ಟು ಸರ್ವರ್ ಎಬ್ಬಿಸಿದರೆ ಅಪ್‌ಗ್ರೇಡ್ ಸ್ಕ್ರಿಪ್ಟ್ ಓಡದೆ ಅದು ಏಳುತ್ತದೆ. ದಾರಿ ಸರಿಪಡಿಸಿ, ಫ್ಲ್ಯಾಗ್ ತೆಗೆದು, ಮತ್ತೆ ಎಬ್ಬಿಸಬೇಕು.  

ರಿಸ್ಟೋರ್ ಆದಮೇಲೆ ನಿಮ್ಮ ತಂತ್ರಾಂಶ ‘ಲಾಗಿನ್ ಫೇಲ್ಡ್’ ಎಂದರೆ ಹೆದರಬೇಡಿ. ಡೇಟಾಬೇಸಿನ ಜೊತೆ ಅದರೊಳಗಿನ ಯೂಸರ್ ಬರುತ್ತಾನೆ, ಆದರೆ ಲಾಗಿನ್ (ಸರ್ವರಿನೊಳಗೆ ಬಿಡುವ ಹೆಸರು, ಪಾಸ್‌ವರ್ಡ್) ಹಳೆಯ ಸರ್ವರಿನ ಮಾಸ್ಟರ್‌ನಲ್ಲಿಯೇ ಉಳಿದಿರುತ್ತದೆ. ಇಲ್ಲಿಯೂ ಪರದೆ ಬಾಯಿ ಬಿಡುವುದಿಲ್ಲ: ಎರರ್ 18456, ಸ್ಟೇಟ್ (ಕಾರಣ ಹೇಳುವ ಉಪಸಂಖ್ಯೆ) 1 ಎಂದಷ್ಟೇ ತೋರಿಸುತ್ತದೆ, ಹೊರಗಿನವನಿಗೆ ಸುಳಿವು ಸಿಗಬಾರದೆಂದು. ನಿಜವಾದ ಸ್ಟೇಟ್ ಎರರ್‌ಲಾಗ್‌ನಲ್ಲಿದೆ. 5 ಎಂದರೆ ಆ ಹೆಸರಿನ ಲಾಗಿನ್ ಇಲ್ಲ, 8 ಎಂದರೆ ಪಾಸ್‌ವರ್ಡ್ ತಪ್ಪು, 38 ಎಂದರೆ ಕೇಳಿದ ಡೇಟಾಬೇಸ್ ತೆರೆಯಲಾಗಲಿಲ್ಲ. 5 ಇದ್ದರೆ ಹೊಸ ಸರ್ವರಿನಲ್ಲಿ ಅದೇ ಹೆಸರಿನ ಲಾಗಿನ್ ಮಾಡಿ, ‘ಆಲ್ಟರ್ ಯೂಸರ್’ ಆದೇಶದಿಂದ ಯೂಸರನ್ನು ಅದಕ್ಕೆ ಕಟ್ಟಿದರೆ ಆಯಿತು; ತಂತ್ರಾಂಶದವರಿಗೆ ಇದು ಐದು ನಿಮಿಷದ ಕೆಲಸ.

ಕೊನೆಗೆ ತೂಕದ ಕೌಂಟರಿನ ಕಂಪ್ಯೂಟರ್. ಅಲ್ಲಿಂದ ‘ಎರರ್ 26, ಸರ್ವರ್ ಸಿಗುತ್ತಿಲ್ಲ’ ಎಂದು ಬಂದೇ ಬರುತ್ತದೆ, ಏಕೆಂದರೆ ಎಕ್ಸ್‌ಪ್ರೆಸ್ ಆವೃತ್ತಿ ಹಾಕಿದಾಗ ನೆಟ್‌ವರ್ಕಿನ ಟಿಸಿಪಿ ಬಾಗಿಲು ಮುಚ್ಚಿಯೇ ಇರುತ್ತದೆ, ಬೇರೆ ಕಂಪ್ಯೂಟರುಗಳಿಗೆ ಸರ್ವರಿನ ದಾರಿ ಹೇಳುವ ಎಸ್‌ಕ್ಯೂಎಲ್ ಬ್ರೌಸರ್ ಕೂಡ ಸಾಮಾನ್ಯವಾಗಿ ನಿಂತಿರುತ್ತದೆ. ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಟಿಸಿಪಿ/ಐಪಿ ತೆರೆಯಿರಿ, ಪೋರ್ಟ್ 1433 ಎಂದು ನಿಗದಿ ಮಾಡಿ, ಸರ್ವಿಸನ್ನು ರೀಸ್ಟಾರ್ಟ್ ಮಾಡಿ. ಎಸ್‌ಕ್ಯೂಎಲ್ ಬ್ರೌಸರ್ ಸರ್ವಿಸ್ ಚಾಲೂ ಇರಲಿ. ಫೈರ್‌ವಾಲ್‌ನಲ್ಲಿ ಟಿಸಿಪಿ 1433ಕ್ಕೂ ಯುಡಿಪಿ 1434ಕ್ಕೂ ದಾರಿ ಬಿಡಿ, ಆದರೆ ಮಂಡಿಯೊಳಗಿನ ನೆಟ್‌ವರ್ಕಿಗೆ ಮಾತ್ರ. ಇಷ್ಟಾದರೂ ಸಿಗದಿದ್ದರೆ ವಿಂಡೋಸ್ 11 ನಿಮ್ಮ ಅಂಗಡಿಯ ವೈಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡಿದೆಯೇ ನೋಡಿ, ‘ಪ್ರೈವೇಟ್’ ಮಾಡಿ. ಆಗಲೂ ಆಗದಿದ್ದರೆ ಮತ್ತೆ ಬರೆಯಿರಿ. ಪರದೆಯ ಫೋಟೊ ಬೇಡ, ಎರರ್‌ಲಾಗ್ ಫೈಲನ್ನೇ ಕಳುಹಿಸಿ.